ನನ್ನ ಬದಲಿಗೆ ರಿಫಾ

ಊರಿನಲ್ಲಿ ‘ಆಸಿಯಮ್ಮ ಓಡಿಹೋದಳಂತೆ’ ಎಂದು ಆಡಿಕೊಳ್ಳುತ್ತಾರಂತೆ. ಹೌದು, ಓಡಿಹೋದೆ. ಏನೀಗ?

ಗಲ್ಫಿನ ಇಬ್ರಾ ಪಟ್ಟಣದಲ್ಲಿ ಮನೆಗೆಲಸಕ್ಕೆಂದು ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್, ಅಂದರೆ ಅರಬಿ ಯಜಮಾನ, ಮೊದಲ ದಿನವೇ ನನ್ನ ಪಾಸ್‌ಪೋರ್ಟ್ ಕಸಿದುಕೊಂಡ. ಮೊಬೈಲನ್ನು ಅವನ ಹೆಂಡತಿ ಎತ್ತಿಟ್ಟುಕೊಂಡಳು. ಸಂಬಳ ಕೇಳಿದರೆ ಏಟು. ಗೇಟಿನಿಂದಾಚೆ ಕಾಲಿಡುವುದು ಬೆಳಗ್ಗೆ ಕಸದ ಚೀಲ ಎಸೆಯಲು ಮಾತ್ರ. ಒಂದು ದಿನ ಚೀಲ ಎಸೆದವಳು ಮನೆಯ ಕಡೆ ತಿರುಗಲೇ ಇಲ್ಲ. ಪೇಟೆಯವರೆಗೂ ನಡೆದೆ. ಒಂದು ಅಂಗಡಿಯಲ್ಲಿ ನಮ್ಮ ಬ್ಯಾರಿ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗೆ ನುಗ್ಗಿದೆ. ಅಂಗಡಿಯ ನೌಶಾದ್ ಪುಣ್ಯಾತ್ಮ, ದೂರದ ರಾಜಧಾನಿಯ ಅಲ್ ಗುಬ್ರಾದಲ್ಲಿರುವ ತನ್ನ ಅಕ್ಕ ಆಯಿಶತ್‌ಳ ಫ್ಲ್ಯಾಟಿಗೆ ತಂದು ಬಿಟ್ಟ.

ಊರಿಗೆ ಮರಳುವ ಕಾಗದಪತ್ರಕ್ಕೆ ಕಾಯುತ್ತಿದ್ದಾಗ ಊರಿಂದ ಮಗಳು ಆಯಿಶತ್‌ಳ ಮೊಬೈಲಿಗೆ ಫೋನ್ ಮಾಡಿ ಒಂದು ಸುದ್ದಿ ಹೇಳಿದಳು. ಆಳು ಓಡಿಹೋದರೆ ಏಜೆಂಟ್ ಬದಲಿ ಆಳನ್ನು ಕೊಡಬೇಕು, ಕರಾರೇ ಹಾಗಿದೆ. ನನ್ನನ್ನು ಕಳಿಸಿದ ಸಿದ್ದೀಕ್ ಈಗ ನಮ್ಮ ಓಣಿಯ ರಿಫಾಳನ್ನು ಅದೇ ಮನೆಗೆ ಗೊತ್ತುಮಾಡಿದ್ದ. ನಾಡಿದ್ದೇ ವಿಮಾನ.

ನನ್ನ ಕಥೆಯನ್ನೆಲ್ಲ ವೀಡಿಯೊ ಮಾಡಿ ಊರಿಗೆ ಕಳಿಸುತ್ತೇನೆ ಎಂದೆ. ಆಯಿಶತ್ ಒಳ್ಳೆಯವಳು, ಆದರೆ ಪುಕ್ಕಲಿ. ಮುಖ ಮುಚ್ಚಿಕೋ, ಹೆಸರು ಹೇಳಬೇಡ, ಸಿದ್ದೀಕನ ಸುದ್ದಿಯಂತೂ ಬೇಡವೇ ಬೇಡ, ನಿನ್ನ ಮಗಳಿಗೆ ಸಂಬಂಧ ನೋಡುವಾಗ ಮರ್ಯಾದೆ ಪ್ರಶ್ನೆ ಬರುತ್ತದೆ ಎಂದು ಒಂದೇ ಸಮನೆ ಶುರುಮಾಡಿದಳು. ಮುಖ ಮುಚ್ಚಿಕೊಂಡು ಹೇಳಿದರೆ ಯಾರು ನಂಬುತ್ತಾರೆ?

“ಮರ್ಯಾದೆ ಹೋಗುದಾದ್ರೆ ಸಿದ್ದೀಕನದ್ದು ಹೋಗ್ಲಿ,” ಎಂದೆ. “ನಾನೆಂತ ಕದ್ದಿದ್ದೇನಾ?”

ನನ್ನ ಹೆಸರು, ಅಪ್ಪನ ಹೆಸರು, ಸಿದ್ದೀಕನ ಹೆಸರು ಎಲ್ಲವನ್ನೂ ಮುಖ ತೋರಿಸಿಕೊಂಡೇ ಹೇಳಿದೆ. ತೋಳಿನ ಮೇಲಿನ ಬರೆಯನ್ನೂ ತೋರಿಸಿದೆ. ಮೊಬೈಲ್ ಹಿಡಿದಿದ್ದ ಆಯಿಶತ್ ಅತ್ತಳು. ನಾನು ಅಳಲಿಲ್ಲ, ಅತ್ತರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಸಂಜೆ ವೀಡಿಯೊ ನೋಡಿದ ರಿಫಾಳ ತಾಯಿ ಬೀಬಿ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ನಾನು ಆ ಮನೆಯ ಚಿನ್ನ ಕದ್ದು ಓಡಿದವಳೆಂದು ಸಿದ್ದೀಕ್ ಹೇಳಿದ್ದನಂತೆ. ನಾನೂ ಬಿಡಲಿಲ್ಲ, ಸರಿಯಾಗಿಯೇ ಕೊಟ್ಟೆ. ಅಷ್ಟರಲ್ಲಿ ರಿಫಾ ಫೋನ್ ತೆಗೆದುಕೊಂಡಳು. ಅವಳು ಬೈಯಲಿಲ್ಲ, ಜಗಳವಾಡಲಿಲ್ಲ.

“ಮಾಮಿ, ಅಲ್ಲಿ ಮಲಗುವ ಕೋಣೆಗೆ ಒಳಗಿಂದ ಚಿಲಕ ಉಂಟಾ?”

ವೀಡಿಯೊದಲ್ಲಿ ನಾನು ಹೇಳದೆ ನುಂಗಿಕೊಂಡದ್ದು ಅದೊಂದನ್ನೇ. ಆಯಿಶತ್‌ಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

“ಇಲ್ಲ ಮಗಾ. ಹೊರಗಿಂದ ಮಾತ್ರ.”

ಹಿಂದಿನಿಂದ ಕೇಳಿಸುತ್ತಿದ್ದ ಬೀಬಿಯ ಬೈಗುಳ ನಿಂತಿತು. ಆಮೇಲೆ ರಿಫಾ ತನ್ನ ತಾಯಿಗೆ ಹೇಳಿದ್ದು ನನಗೂ ಕೇಳಿಸಿತು.

“ಉಮ್ಮಾ, ನಾನು ಹೋಗುದಿಲ್ಲ.”