ಅಕ್ಕಯ್ಯಮ್ಮ ಸ್ಟೇಷನ್ ಮರೆತ ದಿನ

ಕಂಟೋನ್ಮೆಂಟಿನಲ್ಲಿ ಮಾರಿಕುಪ್ಪಂ ಗಾಡಿ ಹತ್ತಿದಾಗಿನಿಂದ ರತ್ನಳ ಕಣ್ಣು ಅಜ್ಜಿಯ ಕಣ್ಣಿನ ಮೇಲೆಯೇ ಇತ್ತು. ಕಾಣಿಸಿದರೆ ತಾನೆ? ಆಸ್ಪತ್ರೆಯವರು ಕೊಟ್ಟ ದಪ್ಪ ಗಾಜಿನ ಕಪ್ಪು ಕನ್ನಡಕ ಅಕ್ಕಯ್ಯಮ್ಮನ ಅರ್ಧ ಮುಖವನ್ನೇ ನುಂಗಿತ್ತು. ಒಳಗೆ ರೆಪ್ಪೆ ತೆರೆದಿದೆಯೋ ಮುಚ್ಚಿದೆಯೋ ದೇವರೇ ಬಲ್ಲ.

ಪೊರೆ ತೆಗೆಸೋಣ ಎಂದು ಹಟ ಹಿಡಿದವಳು ರತ್ನಳೇ. ಬಿ.ಎ. ಮುಗಿಸಿ ವರ್ಷವಾದರೂ ಪೋಸ್ಟಾಫೀಸಿನಲ್ಲಿ ಒಂದು ಕಾರ್ಡು ಕೇಳಲು ಎರಡು ಸಲ ಉಗುಳು ನುಂಗುವ ಹುಡುಗಿ, ಅಂದು ಮಾತ್ರ ಅಪ್ಪ ರಾಮಚಂದ್ರಪ್ಪನ ಎದುರು ನಿಂತುಬಿಟ್ಟಿದ್ದಳು. "ಎಪ್ಪತ್ತು ವರ್ಷದ ಮುದುಕಿ ಕಣ್ಗೆ ಕತ್ತಿ ಆಕಿಸ್ತೀಯಾ? ಇರೋ ಮಬ್ಬು ಬೆಳಕೂ ಓದ್ರೆ ನಿನ್ ತಲೆ ಮ್ಯಾಲೆ ಕಣಮ್ಮ," ಎಂದಿದ್ದ ಅವನು. ಹತ್ತು ದಿನದಿಂದ ಆ ಮಾತು ಅವಳ ತಲೆಯ ಮೇಲಿಂದ ಇಳಿದಿರಲಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿದ ಡಾಕ್ಟರು ಕೈಯೆತ್ತಿ, "ಎಷ್ಟು ಬೆರಳಮ್ಮ?" ಎಂದಿದ್ದರು. "ಎಲ್ಡು," ಎಂದಿದ್ದಳು ಅಜ್ಜಿ. ಡಾಕ್ಟರು ಸಂತೋಷಪಟ್ಟು ಮನೆಗೆ ಕಳಿಸಿದ್ದರು. ಆದರೆ ರತ್ನಳಿಗೆ ಅಜ್ಜಿಯ ಚಾಲಾಕಿ ಗೊತ್ತು. ಹೋದ ವರ್ಷ ತಮ್ಮೂರ ಕಡೆಯ ಕ್ಯಾಸಂಬಳ್ಳಿ ಸ್ಕೂಲಿನಲ್ಲಿ ನಡೆದ ಕಣ್ಣಿನ ಕ್ಯಾಂಪಿನಲ್ಲೂ ಹೀಗೇ ಎರಡು ಎಂದು ಪಾಸಾಗಿ, ಆಚೆ ಬಂದು, "ಡಾಕ್ಟ್ರುಗಳು ಯಾವಾಗ್ಲೂ ಎಲ್ಡೇ ತೋರ್ಸೋದು ಕಣೆ," ಎಂದು ನಕ್ಕಿದ್ದಳು.

"ಅಜ್ಜಿ, ಆಚೆ ಏನ್ ಕಾಣ್ತೈತೆ?" ರತ್ನ ಮೆಲ್ಲಗೆ ಕೇಳಿದಳು.

"ಆಚೆ ಇರೋದು ಕಾಣ್ತೈತೆ."

"ಅಂದ್ರೆ ಏನು?"

"ನೀನು ಓದ್ದೋಳು, ನೀನೇ ಏಳು."

ಇಪ್ಪತ್ತು ವರ್ಷ ಇದೇ ಗಾಡಿಯಲ್ಲಿ ಬೆಂಗಳೂರಿಗೆ ಸೊಪ್ಪು ಹೊತ್ತು ಮಾರಿದವಳು ಅಕ್ಕಯ್ಯಮ್ಮ. ಕಣ್ಣು ಮಬ್ಬಾದ ಮೇಲೂ ಅವಳಿಗೆ ಒಂದು ಸ್ಟೇಷನ್ ತಪ್ಪಿದ್ದಿಲ್ಲ. ಕಾಲೇಜಿಗೆ ಓಡಾಡುತ್ತಿದ್ದ ಕಾಲದಿಂದಲೂ ರತ್ನ ಎಲ್ಲೋ ಯೋಚಿಸುತ್ತ ಕೂತಿರುವುದು, ಅಜ್ಜಿ "ಏಳೇ" ಎಂದಾಗ ಎದ್ದು ಇಳಿಯುವುದು, ಹಾಗೇ ರೂಢಿಯಾಗಿತ್ತು.

ಇವತ್ತೂ ಅಜ್ಜಿ ಮೂಗು ಮೇಲೆತ್ತಿದಳು. "ಎಂಚು ಸುಡೋ ವಾಸ್ನೆ. ಮಾಲೂರು." ಮಾಲೂರು ಬಂತು. ಆಮೇಲೆ ಕಿವಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, "ಬಂಡೆಗೆ ಸದ್ದು ತಾಗ್ತಾ ಐತೆ. ಟೇಕಲ್," ಎಂದಳು. ಟೇಕಲ್ಲೂ ಬಂತು. ಪ್ರತಿ ಸಲವೂ ರತ್ನಳ ಎದೆ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಇನ್ನೂ ಮೂಗು, ಇನ್ನೂ ಕಿವಿ.

ಬಂಗಾರಪೇಟೆಯಲ್ಲಿ ವಡೆ ಬುಟ್ಟಿ ಹೊತ್ತು ಹತ್ತಿದ ಪೆರುಮಾಳ್ ಹಳೆಯ ಪರಿಚಯದವನು. "ಎನ್ನ ಪಾಟಿ, ಏನಜ್ಜಿ ಇದು, ಕೂಲಿಂಗ್ ಗ್ಲಾಸಾ? ಸಿನಿಮಾಗೆ ಸೇರ್ಕೊಂಡ್ಯಾ?" ಎಂದ.

"ಸೇರ್ಕೊಂಡೆ. ಈರೋ ಸಿಗ್ದೆ ನಿಂತೋಗೈತೆ, ಬತ್ತೀಯೇನ್ಲಾ ಪೆರುಮಾಳು?"

ಬೋಗಿಯೆಲ್ಲ ನಕ್ಕಿತು. ರತ್ನಳಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಅವನು ಮೊದಲು ಮಾತಾಡಿದ್ದನಲ್ಲ. ಗುರುತು ಹಿಡಿಯಲು ಅಜ್ಜಿಗೆ ದನಿ ಸಾಕು.

ಬಂಗಾರಪೇಟೆ ಬಿಟ್ಟ ಮೇಲೆ ಅಜ್ಜಿ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕೂತವಳು ತುಟಿ ಬಿಚ್ಚಲಿಲ್ಲ. ಪೆರುಮಾಳ್ ಕೊಟ್ಟ ಎರಡು ವಡೆ ಮಡಿಲಲ್ಲೇ ಆರಿದವು. ಕೋರಮಂಡಲ್ ಎನ್ನಲಿಲ್ಲ, ಊರ್ಗಾಂ ಎನ್ನಲಿಲ್ಲ. ಸೋತುಹೋದಳು, ಕಾಣುವುದಿಲ್ಲ ಎಂದು ಹೇಳಲಾರದೆ ಕೂತಿದ್ದಾಳೆ ಎಂದುಕೊಂಡಳು ರತ್ನ. ಅಪ್ಪನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ತಲೆ ತಗ್ಗಿಸಿ ಅಜ್ಜಿಯ "ಏಳೇ" ಎಂಬ ಮಾತಿಗೆ ಕಾದಳು. ಗಾಡಿ ಎಲ್ಲೋ ನಿಂತಿತು, ಹೊರಟಿತು.

"ರತ್ನಿ," ಎಂದಳು ಅಜ್ಜಿ. "ಆ ಬೇವಿನ ಮರದ್ ತಾವ ಸೈಕಲ್ ಇಡ್ಕೊಂಡು ನಿಂತವ್ನಲ್ಲ, ನಿಮ್ಮಪ್ಪ ಅಲ್ವೇನೆ? ಮೀಸೆ ಯಾವಾಗ ಬೆಳ್ಳಗಾಯ್ತೆ ಅವನ್ದು? ನಂಗ್ಯಾರೂ ಏಳೇ ಇಲ್ಲ."

ರತ್ನ ತಲೆಯೆತ್ತಿದಳು. ಬೇವಿನ ಮರ, ಸೈಕಲ್ಲು, ಬಿಳಿ ಮೀಸೆಯ ಅಪ್ಪ, ಎಲ್ಲವೂ ಹಿಂದಕ್ಕೆ ಜಾರುತ್ತಿದ್ದವು. ಜೊತೆಗೆ ಚಾಂಪಿಯನ್ ಎಂದು ಬರೆದ ಹಲಗೆಯೂ ಜಾರುತ್ತಿತ್ತು. ಅವರು ಇಳಿಯಬೇಕಾದ ಸ್ಟೇಷನ್ನು ಅದು.

ಮುಂದಿನದು ತಾನೇ ಮಾಡಿದ್ದೆಂದು ರತ್ನ ಆಮೇಲೆ ನಂಬಲಿಲ್ಲ. ಕಿಟಕಿಗೆ ಮುಖವಿಟ್ಟು, ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಂತೆ ಕೂಗಿದಳು: "ಅಪ್ಪಾ, ಅಜ್ಜಿಗೆ ಕಣ್ ಕಾಣ್ತೈತೆ! ನಾವು ಇಳೀಲಿಲ್ಲ!"

ರಾಮಚಂದ್ರಪ್ಪನಿಗೆ ಎರಡನೆಯದು ಮಾತ್ರ ಕೇಳಿಸಿರಬೇಕು, ಸೈಕಲ್ ಹತ್ತಿ ಗಾಡಿಯ ಹಿಂದೆ ಬಿದ್ದ.

"ಮತ್ತೆ ಇಷ್ಟೊತ್ತು ಯಾಕ್ ಏಳಲಿಲ್ಲ ಅಜ್ಜಿ? ನನ್ ಜೀವ ಓಗಿತ್ತು."

"ಆಸ್ಪತ್ರೇಲಿ ಗೋಡೆ ಬಿಳೀದು, ದುಪ್ಪಟಿ ಬಿಳೀದು, ನರ್ಸಮ್ಮನೂ ಬಿಳೀದು. ಪೊರೆ ಓಗೈತೋ ಇಲ್ವೋ ಎಂಗೆ ತಿಳೀಬೇಕು? ಬೆಳಕು ಕುಕ್ಕಿ ಬೆರಳೂ ಕಾಣ್ಲಿಲ್ಲ, ಎಲ್ಡು ಅಂತ ಸುಮ್ನೆ ಅಂದೆ." ಅಕ್ಕಯ್ಯಮ್ಮ ದನಿ ತಗ್ಗಿಸಿದಳು. "ಭಯ ಆಯ್ತು ಕಣೆ. ಬಂಗಾರಪೇಟೆಗಂಟ ಕಣ್ ಮುಚ್ಕೊಂಡೇ ಇದ್ದೆ. ಕಣ್ ಬಿಟ್ರೆ ನಮ್ ಕಡೇದನ್ನೇ ಮೊದ್ಲು ನೋಡೋಣ ಅಂತ ಅಲ್ಲಿ ಬಿಟ್ಟೆ."

ಹೊರಗೆ ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬಗಳು ಇಳಿಬಿಸಿಲಿಗೆ ಹುರಿದ ಹಿಟ್ಟಿನ ಬಣ್ಣಕ್ಕೆ ತಿರುಗಿದ್ದವು. ರತ್ನ ಹುಟ್ಟಿದಾಗಿನಿಂದ ನೋಡಿದ ದಿಬ್ಬಗಳು. ಅಜ್ಜಿ ನೋಡುತ್ತಿದ್ದ ರೀತಿಗೆ ಅವಳೂ ಇನ್ನೊಮ್ಮೆ ನೋಡಿದಳು.

ಮಾರಿಕುಪ್ಪಂನಲ್ಲಿ ಹಳಿಯೇ ಮುಗಿಯುವುದರಿಂದ ಇಳಿಯದೆ ಗತಿಯಿರಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಆರಿದ ವಡೆ ತಿನ್ನುತ್ತಿರುವಾಗ ರಾಮಚಂದ್ರಪ್ಪ ಏದುಸಿರು ಬಿಡುತ್ತ ಬಂದ.

"ಏನಮ್ಮ, ನೀನೂ ಸ್ಟೇಷನ್ ಬಿಡಾದಾ? ಮೂಗು ಕಟ್ಟಿತ್ತಾ?"

"ನೋಡ್ತಾ ಕೂತಿದ್ನಲ್ಲೋ, ಮರ್ತೋಯ್ತು," ಎಂದಳು ಅಕ್ಕಯ್ಯಮ್ಮ. "ಬಾ ಇಲ್ಲಿ. ಅಂಗಿ ಗುಂಡಿ ಮೇಲೊಂದು ಕೆಳಗೊಂದು ಆಕೊಂಡಿದೀಯ. ಇಂಗೇನೇನ್ಲಾ ಊರೆಲ್ಲಾ ತಿರುಗಾದು?"

ಅವನು ಕೆಳಗೆ ನೋಡಿಕೊಂಡ. ನಿಜ. ಗುಂಡಿಯನ್ನು ಮುಟ್ಟಿ, ತಾಯಿಯನ್ನು ನೋಡಿ, ಮಗಳ ಕಡೆ ತಿರುಗಿದ. ಟವೆಲ್ಲಿನಿಂದ ಮುಖವನ್ನು ಮತ್ತೆ ಮತ್ತೆ ಒರೆಸಿಕೊಂಡ.

"ಆಂಡರ್ಸನ್‌ಪೇಟೇಲಿ ಕ್ಯಾಸಂಬಳ್ಳಿ ಬಸ್ಸು ಸಿಕ್ತೈತೆ, ನಡೀರಿ," ಎಂದ.

ಅಕ್ಕಯ್ಯಮ್ಮ ಮೊಮ್ಮಗಳ ಭುಜ ಹಿಡಿದು ಎದ್ದಳು. "ಬಸ್ಸಲ್ಲಿ ನನ್ನ ನಂಬ್ಕೊಂಡು ಕೂರಬ್ಯಾಡ ಕಣೆ. ನಂಗೆ ನೋಡೋದು ಬೇಕಾದಷ್ಟೈತೆ. ಇನ್ಮೇಲೆ ಸ್ಟಾಪು ನೀನೇ ನೋಡ್ಕೋ."