ಶಾಸ್ತ್ರದಲ್ಲಿಲ್ಲದ ಚೀಟಿ

ಹೊಸ ಪುಸ್ತಕದ ರಟ್ಟಿನ ಮೇಲೆ ಪ್ರಾಂಶುಪಾಲರ ಹೆಸರು ಹೆಬ್ಬೆರಳು ಗಾತ್ರದ ಅಕ್ಷರದಲ್ಲಿತ್ತು. ಚೀಟಿ ಅಕ್ಕನ ಹೆಸರು ಒಳಗೆ ಭೂತಗನ್ನಡಿ ಹಿಡಿದು ಹುಡುಕಿದರೂ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೇ ಇನ್ನೇನು? ದೇವಶಾಸ್ತ್ರದ ಆ ಕಾಲೇಜಿನಲ್ಲಿ ಹಳೆಯ ಗ್ರೀಕ್ ಕಲಿಸುತ್ತಲೇ ಹದಿನಾಲ್ಕು ವರ್ಷ ಚೀಟಿ ಬರೆದು ಆ ಹೆಸರು ಪಡೆದವಳು ಅವಳು. ನಮ್ಮ ಮಾತಿನಲ್ಲಿ ‘ನಿನ್ನೆ ಬಂದ ಹುಡುಗ’ ಎಂದರೆ ಮುಗಿಯಿತು. ಬೈಬಲಿನ ಗ್ರೀಕಿನವರು ಸಾಮಾನ್ಯವಾಗಿ ಹುಡುಗನನ್ನು ಮೊದಲು ನಿಲ್ಲಿಸಿ, ‘ಯಾವನು ನಿನ್ನೆ ಬಂದನೋ’ ಎಂದು ಆಮೇಲೆ ಬಾಲ ಕಟ್ಟುತ್ತಾರೆ. ಯಾವ ಬಾಲ ಯಾರದೆಂದು ಹುಡುಕಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಬೈಬಲಿನ ಅಂಥ ಒಂದೊಂದು ವಾಕ್ಯಕ್ಕೂ ಒಂದು ಚೀಟಿ. ಶೂ ಡಬ್ಬಿಗಳ ತುಂಬ ಸಾವಿರದ ಮುನ್ನೂರು ಚಿಲ್ಲರೆ.

ಒಮ್ಮೆ ನೋಡಿ ಕೊಡುತ್ತೇನೆಂದು ಡಬ್ಬಿ ಒಯ್ದ ಪ್ರಾಂಶುಪಾಲರು ಸೀದಾ ಅಚ್ಚಿಗೆ ಕೊಟ್ಟಿದ್ದರು. ಕೇಳಲು ಹೋದರೆ, ಗೆರೆ ಎಳೆದವರ ಹೆಸರೆಲ್ಲ ಹಾಕುತ್ತ ಹೋದರೆ ಪುಸ್ತಕ ಹಾಜರಿ ಪಟ್ಟಿಯಾಗುತ್ತದೆ ಎಂದು ನಕ್ಕರು. ನಗು ಬೇರೆ ಕೇಡು!

ಮನೆಗೆ ಬಂದು ಸಿಟ್ಟಿನಲ್ಲೇ ಪುಟ ತಿರುವಿದವಳ ಕೈ ಇನ್ನೂರ ಹನ್ನೆರಡರಲ್ಲಿ ನಿಂತಿತು. ಕೆಲಸಕ್ಕೆ ಮುಂಚೆ ನಿಬ್ಬು ಪರೀಕ್ಷಿಸಲು, ತಾನೇ ಕಟ್ಟಿದ ಒಂದು ಗ್ರೀಕ್ ವಾಕ್ಯ ಗೀಚುವುದು ಅವಳ ಅಭ್ಯಾಸ. ಅಂಥದೊಂದು ಚೀಟಿ ಡಬ್ಬಿಗೆ ಸೇರಿಹೋಗಿತ್ತು. ಅದೀಗ ದೇವರ ವಾಕ್ಯಗಳ ಸಾಲಿನಲ್ಲಿ, ಪ್ರಾಂಶುಪಾಲರು ಓದಿಯೂ ನೋಡದೆ ತಾವೇ ಹುಟ್ಟಿಸಿದ ಅಧ್ಯಾಯ ಸಂಖ್ಯೆಯ ಸಮೇತ ಠೀವಿಯಿಂದ ಕೂತಿತ್ತು.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಪ್ರಶ್ನೆ ಕೇಳಬಹುದು ಎಂದದ್ದೇ ತಡ, ಚೀಟಿ ಅಕ್ಕ ಎದ್ದಳು.

“ಸರ್, ಇನ್ನೂರ ಹನ್ನೆರಡನೇ ಪುಟದ ಕೊನೇ ವಾಕ್ಯ ಓದಿ, ಅರ್ಥ ಹೇಳ್ತೀರಾ?”

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡು ರಾಗವಾಗಿ ಓದಿದರು. ಅರ್ಥ ಹೇಳಹೊರಟವರು ಅರ್ಧಕ್ಕೇ ತಡವರಿಸಿ ಬೆವರು ಒರೆಸಿಕೊಂಡರು. ಅವರಿಗೆ ಗ್ರೀಕ್ ಬರುತ್ತಿತ್ತು, ಅದೇ ಈಗ ಕುತ್ತಿಗೆಗೆ ಬಂತು.

“ಬಿಡಿ, ನಾನೇ ಹೇಳ್ತೀನಿ. ಮೂರನೇ ಮಹಡಿಯಲ್ಲಿ ಕೂತ ಹೆಂಗಸು, ಯಾರಿಗೆ ಈ ಕಾಲೇಜಿನ ಯಜಮಾನ ಐದು ವರ್ಷದಿಂದ ಒಂದು ದೀಪ ಹಾಕಿಸಿಕೊಟ್ಟಿಲ್ವೋ, ಅವಳ ಕಣ್ಣು ಉರೀತಾ ಇದೆ. ಇದನ್ನ ಯಾವ ಪ್ರವಾದಿ ಹೇಳಿದ್ದು ಸರ್?”

ಮೊದಲು ನಕ್ಕವನು ಪುಸ್ತಕ ಅಚ್ಚುಹಾಕಿದವನೇ. ಆಮೇಲೆ ಇಡೀ ಸಭೆ ನಕ್ಕಿತು. ಚೀಟಿ ಅಕ್ಕ ನಗಲಿಲ್ಲ. ವೇದಿಕೆ ಹತ್ತಿ, ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು, ರಟ್ಟಿನ ಮೇಲಿನ ಹೆಸರನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ ಕೆಳಗೆ ತನ್ನದನ್ನು ಬರೆದಳು. ಯಾರೂ ತಡೆಯಲಿಲ್ಲ.