ಒರಟು ಲೇಪ

ನೀರು ಹರಡಲಿಲ್ಲ. ಪಿಕಪ್ಪಿನ ಹಿಂದಿನ ತೊಟ್ಟಿಗೆ ಜಾನೆಲ್ ಚೆಲ್ಲಿದ ಅರ್ಧ ಲೋಟ ನೀರು ಮಣಿಮಣಿಯಾಗಿ ಒಡೆದು, ಕಪ್ಪು ಲೇಪದ ಮೇಲೆ ಪಾದರಸದ ಹಾಗೆ ಓಡಿ, ಹಿಂಬಾಗಿಲಿನ ಸಂದಿಗೆ ಹೋಗಿ ನಿಂತಿತು. ಅವಳು ಬಗ್ಗಿ ಅಂಗೈ ಊರಿ ನೋಡಿದಳು. ಕೈ ಜಾರಿತು.

"ಏನು ಹಚ್ಚಿದ್ದೀಯ ಡ್ವೇನ್?"

"ಏನಿಲ್ಲ. ತೊಳೆದೆ, ಅಷ್ಟೇ."

"ಡ್ವೇನ್."

ಡ್ವೇನ್ ಕ್ರಾಲಿಕ್‌ಗೆ ಐವತ್ತೆರಡು ವರ್ಷ. ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಾಗ ಸಿಕ್ಕಿಬಿದ್ದರೆ ಹೇಗೆ ಟೋಪಿ ಸರಿಮಾಡಿಕೊಳ್ಳುತ್ತಿದ್ದನೋ ಈಗಲೂ ಹಾಗೇ ಮಾಡಿಕೊಂಡ. "ಟೈರು ಹೊಳೆಯೋಕೆ ಹಚ್ತಾರಲ್ಲ, ಅದು. ಎರಡು ಬಾಟ್ಲಿ. ನಿನ್ನೆ ಇಡೀ ಮಧ್ಯಾಹ್ನ ಉಜ್ಜಿದೀನಿ ಕಣೇ."

ಪಿಕಪ್ ಅವನ ಅಪ್ಪ ಮೈಲೋನದು. ಮೈಲೋ ಶನಿವಾರ ತೀರಿಕೊಂಡಿದ್ದ. ನೆಬ್ರಾಸ್ಕದ ಆ ಮರಳುಗುಡ್ಡಗಳ ನಡುವೆ ದನ ಸಾಕಿದವರು ಸತ್ತರೆ ಬಾಡಿಗೆಯ ಕರಿ ಕಾರಿನಲ್ಲಿ ಹೋಗುವುದಿಲ್ಲ, ತಮ್ಮದೇ ಪಿಕಪ್ಪಿನಲ್ಲಿ ಹೋಗುತ್ತಾರೆ. ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ. ಮೈಲೋನ ಅಪ್ಪ ಹಾಗೆ ಹೋಗಿದ್ದ, ಅಣ್ಣನೂ ಹಾಗೇ ಹೋಗಿದ್ದ. ಗುರುವಾರ ಹತ್ತು ಗಂಟೆಗೆ ಮೈಲೋನ ಸರದಿ.

ಆದರೆ ಸ್ಮಶಾನ ಇರುವುದು ಗುಡ್ಡದ ನೆತ್ತಿಯ ಮೇಲೆ. ಕಾಲು ಮೈಲಿ ಜಲ್ಲಿ ರಸ್ತೆ, ನೆಟ್ಟಗೆ ಏರು. ಬೆಳಿಗ್ಗೆ ಶವಸಂಸ್ಕಾರದ ವ್ಯವಸ್ಥೆ ಮಾಡುವಾತ ಬಂದು ತೊಟ್ಟಿಯೊಳಗೆ ಒಂದು ಬೆರಳು ಎಳೆದು ನೋಡಿ, "ಇದರ ಮೇಲೆ ಪೆಟ್ಟಿಗೆ ನಿಲ್ಲಲ್ಲ. ಐದು ಗಂಟೆಗೆ ಇನ್ನೊಮ್ಮೆ ನೋಡ್ತೀನಿ. ಇದೇ ಥರ ಇದ್ರೆ ನಮ್ಮ ಕರಿ ಕಾರು ತರ್ತೀನಿ" ಎಂದು ಹೇಳಿ ಹೋಗಿದ್ದ. ಅದಕ್ಕೇ ತಾಯಿ ಮಗ ಇಬ್ಬರೂ ಜಾನೆಲ್‌ಳ ಶೆಡ್ಡಿಗೆ ಬಂದಿದ್ದರು. ಪಿಕಪ್ಪುಗಳ ತೊಟ್ಟಿಗೆ ತುಕ್ಕು ಹತ್ತದಂತೆ ಒರಟು ಕಪ್ಪು ಲೇಪ ಸಿಂಪಡಿಸುವುದು, ಹಳೆಯದಾದರೆ ತೊಳೆದು ಸರಿಮಾಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಈ ಪಿಕಪ್ಪಿನ ಲೇಪ ಸಿಂಪಡಿಸಿದವಳೂ ಅವಳೇ.

"ತೊಳೆಯೋದೆಲ್ಲ ಯಾಕೆ?" ಎಂದ ಡ್ವೇನ್. "ಮೇಲೆ ಹೊಸದಾಗಿ ಒಂದು ಕೋಟ್ ಹೊಡೆದುಬಿಡು. ಕಪ್ಪಗೆ, ಹೊಸ ಗಾಡಿ ಥರ ಕಾಣ್ಲಿ."

"ಹೊಡೆಯಲ್ಲ."

"ಯಾಕೆ?"

"ಒಣಗೋಕೆ ಪೂರ್ತಿ ಒಂದು ದಿನ ಬೇಕು. ಅದೂ ಇರಲಿ, ನೀನು ಹಚ್ಚಿರೋ ಎಣ್ಣೆ ಮೇಲೆ ಏನೂ ಕೂರಲ್ಲ. ಬಿಸಿಲಿಗೆ ಸುಟ್ಟ ಚರ್ಮ ಸುಲಿದ ಹಾಗೆ ಸುಲ್ಕೊಂಡು ಬರುತ್ತೆ, ನಿಮ್ಮಪ್ಪನ ಪೆಟ್ಟಿಗೆ ಜೊತೆಗೆ."

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದ ಮೈಲೋನ ಹೆಂಡತಿ ಅರ್ಲಿಸ್, ಚರ್ಚಿನ ನೆಲಮಾಳಿಗೆಯ ಊಟಕ್ಕೆ ಯಾರು ಯಾರು ಏನು ತರುತ್ತಾರೆ ಎಂದು ಬರೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಅವನಿಗೆ ಬಾಯಲ್ಲಿ ಹೇಳಬೇಡ ಕಣೇ. ಮಾಡಿ ತೋರಿಸು. ಅವರಪ್ಪನೂ ಹಾಗೇ ಇದ್ದ."

ಜಾನೆಲ್ ಮಾಡಿ ತೋರಿಸಿದಳು. ಶೆಡ್ಡಿನ ಮೂಲೆಯಲ್ಲಿ ಒರಗಿಸಿಟ್ಟಿದ್ದ, ಪಾಲಿಷ್ ಹೊಡೆದ ಹಳೇ ಓಕ್ ಬಾಗಿಲನ್ನು ಇಬ್ಬರೂ ಎತ್ತಿ ತೊಟ್ಟಿಯಲ್ಲಿ ಮಲಗಿಸಿದರು. ಚಳಿಗಾಲದ ಹಿಮದಲ್ಲಿ ಜಾರದಂತೆ ಗಾಡಿಯ ಹಿಂಭಾಗ ಭಾರವಾಗಿರಲೆಂದು ಹೇರುವ ಮರಳಿನ ಚೀಲಗಳನ್ನು ಆರು ತಂದು ಅದರ ಮೇಲೆ ಪೇರಿಸಿದರು. ಜಾನೆಲ್ ಪಿಕಪ್ಪನ್ನು ಶೆಡ್ಡಿನ ಹಿಂದಿನ ದಿಬ್ಬಕ್ಕೆ ಏರಿಸಿದಳು. ಅರ್ಧ ಏರುವಷ್ಟರಲ್ಲಿ ಬಾಗಿಲು, ಚೀಲ ಎಲ್ಲ ಒಟ್ಟಿಗೆ ಜಾರಿ ಹಿಂಬಾಗಿಲಿಗೆ ಧಡ್ ಎಂದು ಬಡಿಯಿತು. ಅರ್ಲಿಸ್‌ಳ ಕೈಯಿಂದ ಪೆನ್ನು ಬಿತ್ತು.

ಡ್ವೇನ್ ಟೋಪಿ ತೆಗೆದು ಬೋನೆಟ್ ಮೇಲಿಟ್ಟು ಅಂಗಿಯ ತೋಳು ಮಡಚಿದ. "ಎಲ್ಲಿ, ಬ್ರಷ್ ಕೊಡು."

ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಆಮೇಲೆ ಕಿತ್ತಳೆ ಸಿಪ್ಪೆಯ ವಾಸನೆ ಬರುವ ಜಿಡ್ಡು ತೆಗೆಯುವ ದ್ರಾವಣ. ಲೇಪದ ಒರಟಿನಲ್ಲಿ ಸಾಸಿವೆ ಗಾತ್ರದ ಸಾವಿರಾರು ಗುಳಿಗಳಿದ್ದವು. ಪ್ರತಿಯೊಂದರಲ್ಲೂ ಎಣ್ಣೆ ಕೂತಿತ್ತು. ಜಾನೆಲ್ ಮಂಡಿಯೂರಿ ಗಿಡ್ಡ ಕೂದಲಿನ ಬ್ರಷ್ಷಿನಿಂದ ಒಂದೊಂದು ಗೇಣು ಜಾಗವನ್ನೂ ಸುತ್ತಿ ಸುತ್ತಿ ಉಜ್ಜಿದಳು. "ಉದ್ದಕ್ಕೆ ಎಳೀಬೇಡ, ಸುತ್ತು. ಗುಳಿ ಒಳಗೆ ಹೋಗ್ಬೇಕು" ಎಂದು ಡ್ವೇನ್‌ಗೆ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಬೇಕಾಗಲಿಲ್ಲ.

ನಾಲ್ಕು ಸಲ ತೊಳೆದ ಮೇಲೆ ಹೊಳಪು ಹೋಗಿ, ಕೆಳಗಿದ್ದ ಬೂದು ಬಣ್ಣ ಮೇಲೆ ಬಂತು. ಹದಿನೆಂಟು ಬೇಸಿಗೆಯ ಬಿಸಿಲು ತಿಂದ ಬೂದು. ಎಡಮೂಲೆಯಲ್ಲಿ ದನಗಳಿಗೆ ನೆಕ್ಕಲು ಇಡುವ ಉಪ್ಪಿನ ಗಟ್ಟಿ ಕೂತೂ ಕೂತೂ ಚೌಕಾಕಾರದ ಬಿಳಿ ಗುರುತು ಮೂಡಿತ್ತು. ಡ್ವೇನ್‌ನ ಬ್ರಷ್ಷು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ನಾಳೆ ಊರೆಲ್ಲ ಬರುತ್ತೆ" ಎಂದ. "ಹಿಂಗೇ ತಗೊಂಡು ಹೋಗೋದಾ, ಬೂದಿ ಬಳಿದ ಹಾಗೆ?"

"ಅವರೇನು ಗಾಡಿ ಕೊಳ್ಳೋಕೆ ಬರ್ತಾರೇನೋ?" ಎಂದಳು ಅರ್ಲಿಸ್. ಪಟ್ಟಿ ಮುಗಿಸಿ ಈಗ ಕೆಳಗಿಳಿದು ನಿಂತಿದ್ದಳು. "ನಿಮ್ಮಪ್ಪ ಮದುವೆಗೇ ಬೂಟು ಒರೆಸ್ಕೊಂಡು ಬರಲಿಲ್ಲ."

ಐದನೇ ಸಲ ತೊಳೆದು ಜಾನೆಲ್ ನೀರು ಚೆಲ್ಲಿದಳು. ಎಲ್ಲ ಕಡೆ ಹರಡಿತು. ಡ್ವೇನ್ ಬ್ರಷ್ಷು ಬಕೆಟ್ಟಿಗೆ ಎಸೆದ. ಅವಳು ಮಾತ್ರ ಎದ್ದೇಳದೆ, ಕ್ಯಾಬಿನ್ ಪಕ್ಕದ ಬಲಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಕಡಲೆಕಾಳಿನಷ್ಟು ಮೂರು ಹನಿ ಗುಂಡಗೆ ನಿಂತಿದ್ದವು.

"ಮೂರೇ ಹನಿ ಕಣೇ" ಎಂದ ಡ್ವೇನ್. "ಗಂಟೆ ನಾಲ್ಕೂವರೆ ಆಯ್ತು."

"ಆಗಲಿ."

ಆ ಮೂಲೆಯನ್ನು ಮತ್ತೆ ಉಜ್ಜಿದಳು. ಅವಸರಪಡಲಿಲ್ಲ. ಬಿಸಿನೀರು ಬಿಟ್ಟು, ಒಣ ಬಟ್ಟೆ ಒತ್ತಿ, ಮತ್ತೆ ಚೆಲ್ಲಿದಳು. ಈ ಸಲ ನೀರು ಬಟ್ಟೆಗೆ ಇಳಿದ ಹಾಗೆ ಮೆತ್ತಗೆ ಹರಡಿ ಅಲ್ಲೇ ಉಳಿಯಿತು. ಅಂಗೈ ಊರಿ ಮೈಭಾರ ಬಿಟ್ಟು ತಳ್ಳಿದಳು. ಕೈ ಕಚ್ಚಿ ಹಿಡಿದುಕೊಂಡಿತು.

"ಈಗ ಒಣಗಿಸು" ಎಂದಳು.

ಐದು ಗಂಟೆಗೆ ಶವಸಂಸ್ಕಾರದವನು ಬಂದಾಗ ಪಿಕಪ್ಪು ದಿಬ್ಬದ ನಡುವೆ, ಮೂತಿ ಆಕಾಶಕ್ಕೆ ಎತ್ತಿಕೊಂಡು ನಿಂತಿತ್ತು. ತೊಟ್ಟಿಯಲ್ಲಿ ಬಾಗಿಲು, ಬಾಗಿಲ ಮೇಲೆ ಆರು ಚೀಲ. ಆತ ಕೋಟು ಬಿಚ್ಚಿ ಡ್ವೇನ್ ಕೈಗೆ ಕೊಟ್ಟು, ಹತ್ತಿ ಹೋಗಿ ಭುಜ ಕೊಟ್ಟು ನೂಕಿದ. ಕಾಲು ಊರಿ ಇನ್ನೊಮ್ಮೆ ನೂಕಿದ. ಮುಖ ಕೆಂಪಾಯಿತು.

"ಹಗ್ಗ ಕಟ್ಟೇ ಕಟ್ತೀನಿ" ಎಂದ ಇಳಿಯುತ್ತಾ.

"ಕಟ್ಟಿ" ಎಂದಳು ಜಾನೆಲ್. "ಹಗ್ಗಕ್ಕೆ ಕೆಲಸ ಇರಲ್ಲ."

ಗುರುವಾರ ಗಾಳಿ ಜೋರಾಗಿತ್ತು. ಗುಡ್ಡ ಏರುವಾಗ ಮೈಲೋನ ಪಿಕಪ್ಪಿನ ಹಿಂದೆಯೇ ಜಾನೆಲ್‌ಳ ಗಾಡಿ. ಅವಳ ಹಿಂದೆ ನಲವತ್ತು ಗಾಡಿಗಳ ಸಾಲು. ಅವಳು ರಸ್ತೆ ನೋಡಲಿಲ್ಲ, ಪೆಟ್ಟಿಗೆಯ ಅಂಚನ್ನು ಮಾತ್ರ ನೋಡಿದಳು. ಜಲ್ಲಿಯ ಮೇಲೆ ಚಕ್ರ ಒಮ್ಮೆ ಜಾರಿ ಗಾಡಿ ಕುಲುಕಿತು. ಪೆಟ್ಟಿಗೆ ಕದಲಲಿಲ್ಲ. ಹಗ್ಗ ಸಡಿಲವಾಗಿ ಗಾಳಿಗೆ ಅಲ್ಲಾಡುತ್ತಿತ್ತು. ಮೇಲೆ ತಲುಪಿದ ಮೇಲೆ ಆರು ಜನ ಅದನ್ನು ಇಳಿಸಲು ಎಳೆದಾಗ, ಮೊದಲ ಎಳೆತಕ್ಕೆ ಬರಲಿಲ್ಲ.

"ಹೋಗಲ್ಲ ಅಂತಾನೆ" ಎಂದ ಯಾರೋ. ಡ್ವೇನ್ ಅಳುತ್ತಲೇ ನಕ್ಕ.

ಮಣ್ಣು ಹಾಕಿ ಮುಗಿದು ಜನ ಊಟಕ್ಕೆ ಇಳಿಯತೊಡಗಿದಾಗ, ಅರ್ಲಿಸ್, ತನಗಾಗಿ ಪಿಕಪ್ಪಿನ ಮುಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದ ಮಗನನ್ನು ದಾಟಿ ಹಿಂದಕ್ಕೆ ಬಂದಳು.

"ಜಾನೆಲ್, ಸ್ವಲ್ಪ ಕೈ ಕೊಡು."

"ಅಮ್ಮಾ, ಅಲ್ಲಿ ಯಾಕೆ? ಬಟ್ಟೆ..."

"ನೀನು ಗಾಡಿ ಓಡಿಸೋ. ನಿಧಾನಕ್ಕೆ."

ಜಾನೆಲ್ ಅವಳನ್ನು ಎತ್ತಿ ಹತ್ತಿಸಿದಳು. ಅರ್ಲಿಸ್ ಕರಿ ಲಂಗ ಒಪ್ಪಮಾಡಿಕೊಂಡು ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಬೂದು ಲೇಪದ ಮೇಲೆ ಕಾಲು ಚಾಚಿ ಕೂತಳು. ಪಿಕಪ್ಪು ಹೊರಟಿತು. ಅವಳ ಮುಖ ಗುಡ್ಡದ ನೆತ್ತಿಯ ಕಡೆಗಿತ್ತು. ಪಕ್ಕದಲ್ಲಿ ಇಟ್ಟುಕೊಂಡ ಕೈಚೀಲ ಇಳಿಜಾರಿನ ಕೊನೆಯವರೆಗೂ ಇಟ್ಟಲ್ಲೇ ಇತ್ತು.